ಕರ್ನಾಟಕದಲ್ಲಿ ಆಫ್‌ರೋಡ್ ಪ್ರವಾಸ

ಆಫ್‌ರೋಡ್ ಪ್ರವಾಸ ಎಂದರೆ ಡಾಂಬರು ಅಥವಾ ಕಾಂಕ್ರೀಟು ಹಾಕದ ಮಣ್ಣಿನ ದಾರಿ, ಬಂಡಿ ಜಾಡು, ಕಲ್ಲುಹಾಸು, ಕೆಸರು ಮತ್ತು ಹಳ್ಳಗಳ ಮೇಲೆ ಫೋರ್ ವೀಲ್ ಡ್ರೈವ್ ವಾಹನದಲ್ಲಿ ಕೈಗೊಳ್ಳುವ ಪ್ರಯಾಣ. ಕರ್ನಾಟಕದಲ್ಲಿ ಪಶ್ಚಿಮ ಘಟ್ಟದ ಕಾಫಿ ತೋಟಗಳ ದಾರಿಗಳು ಮತ್ತು ಬಯಲುಸೀಮೆಯ ಕಲ್ಲುಗುಡ್ಡಗಳ ತಪ್ಪಲು ಇಂತಹ ಪ್ರವಾಸದ ಮುಖ್ಯ ನೆಲೆಗಳು. ಬೆಂಗಳೂರಿನ ವಾಹನಪ್ರಿಯರು ಮಾಘ ಮಾಸದ ಕೊನೆಯಿಂದ ಯುಗಾದಿಯವರೆಗಿನ, ಅಂದರೆ ಫೆಬ್ರುವರಿ ಮತ್ತು ಮಾರ್ಚ್ ತಿಂಗಳುಗಳ ಅವಧಿಯನ್ನು ಇದಕ್ಕೆ ಹೆಚ್ಚಾಗಿ ಆರಿಸಿಕೊಳ್ಳುತ್ತಾರೆ. ಈ ಅವಧಿಯಲ್ಲಿ ದಾರಿಗಳು ಒಣಗಿ ಸುಗಮವಾಗಿರುತ್ತವೆ. ಆದರೆ ಕಾಳ್ಗಿಚ್ಚು ಮತ್ತು ಮಂಗನ ಕಾಯಿಲೆಯ ಅಪಾಯ ಹೆಚ್ಚಾಗಿರುವ ಕಾಲವೂ ಇದೇ ಆಗಿರುವುದರಿಂದ, ವಾಹನದ ಸಿದ್ಧತೆಯಷ್ಟೇ ಮಹತ್ವ ಸ್ಥಳ ಮತ್ತು ಅನುಮತಿಗಳ ಪೂರ್ವಯೋಜನೆಗೂ ಇದೆ.

ಹಿನ್ನೆಲೆ

ಎರಡನೆಯ ಮಹಾಯುದ್ಧದ ನಂತರ ಭಾರತದಲ್ಲಿ ಜೀಪಿನ ಬಳಕೆ ಹೆಚ್ಚಿತು. 1945ರಲ್ಲಿ ಸ್ಥಾಪನೆಯಾದ ಮಹೀಂದ್ರಾ ಸಂಸ್ಥೆಯು 1940ರ ದಶಕದ ಕೊನೆಯ ಭಾಗದಲ್ಲಿ ವಿಲ್ಲೀಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸಲು ತೊಡಗಿತು. ಮಲೆನಾಡು ಮತ್ತು ಕೊಡಗಿನಲ್ಲಿ ಜೀಪು ವಿನೋದದ ವಸ್ತುವಾಗಿರಲಿಲ್ಲ. ಮಳೆಗಾಲದಲ್ಲಿ ಕೆಸರಾಗುವ ತೋಟದ ದಾರಿಯಲ್ಲಿ ಗೊಬ್ಬರ, ಕಾಫಿ ಮೂಟೆ, ಕೆಲಸಗಾರರು ಮತ್ತು ರೋಗಿಗಳನ್ನು ಸಾಗಿಸಲು ಅದೇ ಆಧಾರವಾಗಿತ್ತು. ಈ ಭಾಗದ ಆಡುಮಾತಿನಲ್ಲಿ ಯಾವ ಕಂಪನಿಯ ವಾಹನವಾದರೂ ಏರುದಾರಿ ಹತ್ತುವಂಥದ್ದು 'ಜೀಪು' ಎಂದೇ ಕರೆಯಲ್ಪಡುತ್ತದೆ.

1985ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿಯು ಹಗುರವಾದ ದೇಹ ಮತ್ತು ಪೆಟ್ರೋಲ್ ಎಂಜಿನ್ ಕಾರಣದಿಂದ ಸೇನೆ, ಪೊಲೀಸ್ ಮತ್ತು ರ‍್ಯಾಲಿ ಸ್ಪರ್ಧಿಗಳ ಮೆಚ್ಚಿನ ವಾಹನವಾಯಿತು. 2010ರಲ್ಲಿ ಮಹೀಂದ್ರಾ ಥಾರ್, 2020ರ ಅಕ್ಟೋಬರ್‌ನಲ್ಲಿ ಅದರ ಎರಡನೆಯ ತಲೆಮಾರು, 2023ರಲ್ಲಿ ಮಾರುತಿ ಜಿಮ್ನಿ ಬಿಡುಗಡೆಯಾದವು. ಫೋರ್ಸ್ ಗೂರ್ಖಾ ಈ ವರ್ಗದ ಮತ್ತೊಂದು ಪ್ರಮುಖ ವಾಹನ. ಹೊಸ ಥಾರ್ ಬಂದ ಮೇಲೆ ನಗರವಾಸಿ ಕುಟುಂಬಗಳೂ ಫೋರ್ ವೀಲ್ ಡ್ರೈವ್ ವಾಹನಗಳನ್ನು ಕೊಳ್ಳತೊಡಗಿ, ಆಫ್‌ರೋಡ್ ಹವ್ಯಾಸವು ಸಣ್ಣ ಗುಂಪುಗಳ ಆಚೆಗೂ ಹರಡಿತು. ಸ್ಪರ್ಧೆಯ ರೂಪದಲ್ಲಿ ಭಾರತದ ರೇನ್‌ಫಾರೆಸ್ಟ್ ಚಾಲೆಂಜ್ 2014ರಲ್ಲಿ ಗೋವಾದಲ್ಲಿ ಆರಂಭವಾಯಿತು. ಇದು ಮಳೆಗಾಲದ ಸ್ಪರ್ಧೆ. ಫೆಬ್ರುವರಿ–ಮಾರ್ಚ್‌ನ ಪ್ರವಾಸದ ಸ್ವರೂಪ ಇದಕ್ಕಿಂತ ಬೇರೆ.

ಋತು ಮತ್ತು ನೆಲದ ಸ್ವಭಾವ

ಶಿವರಾತ್ರಿಯ ಹೊತ್ತಿಗೆ ಚಳಿ ಹಿಂಜರಿಯುತ್ತದೆ ಎಂಬುದು ನಾಡಿನ ರೂಢಿಯ ಮಾತು. ಫೆಬ್ರುವರಿಯಲ್ಲಿ ಘಟ್ಟದ ಹುಲ್ಲುಗಾವಲುಗಳು ಹೊಂಬಣ್ಣಕ್ಕೆ ತಿರುಗಿ ಹಳ್ಳಗಳ ನೀರು ಇಳಿಯುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಕಾಫಿ ಗಿಡಗಳನ್ನು ಅರಳಿಸುವ ಹೂಮಳೆಯೂ, ಬಯಲುಸೀಮೆಯಲ್ಲಿ ಮಾವಿನ ಮಳೆಯೂ ಬೀಳುತ್ತವೆ. ನೈರುತ್ಯ ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರದ ಸುಮಾರಿಗೆ ರಾಜ್ಯವನ್ನು ಪ್ರವೇಶಿಸುತ್ತದೆ.

ಒಂದೇ ದಾರಿ ಬೇರೆ ಬೇರೆ ದಿನ ಬೇರೆ ರೀತಿಯಾಗಿ ವರ್ತಿಸುತ್ತದೆ. ಒಣಗಿದ ಕೆಮ್ಮಣ್ಣು ಗಟ್ಟಿಯಾಗಿ ಹಿಡಿತ ಕೊಡುತ್ತದೆ. ಅದರ ಮೇಲೆ ಅರ್ಧ ಗಂಟೆ ಮಳೆ ಬಿದ್ದರೆ ಮೇಲ್ಪದರ ಮಾತ್ರ ನೆನೆದು ಎಣ್ಣೆ ಸವರಿದಂತೆ ಜಾರುತ್ತದೆ. ಉತ್ತರ ಕರ್ನಾಟಕದ ಎರೆ ಮಣ್ಣು ನೆನೆದಾಗ ಚಕ್ರಕ್ಕೆ ಮೆತ್ತಿಕೊಂಡು ಮಡ್‌ಗಾರ್ಡಿನವರೆಗೆ ತುಂಬಿ ಚಕ್ರವನ್ನೇ ಹಿಡಿದು ನಿಲ್ಲಿಸಬಲ್ಲದು. ಬಯಲುಸೀಮೆಯ ಕೆರೆ ಅಂಗಳಗಳು ಈ ತಿಂಗಳುಗಳಲ್ಲಿ ಬಿರುಕು ಬಿಟ್ಟು ಒಣಗಿದಂತೆ ಕಂಡರೂ, ಮೇಲಿನ ಹೆಪ್ಪಳಿಕೆಯ ಕೆಳಗೆ ಹಸಿ ಹೂಳು ಇರುತ್ತದೆ. ವಾಹನದ ಭಾರಕ್ಕೆ ಹೆಪ್ಪಳಿಕೆ ಒಡೆದು ಚಕ್ರಗಳು ಅಚ್ಚಿನವರೆಗೆ ಹೂತುಹೋಗುವುದುಂಟು.

ವಾಹನ

ಫೋರ್ ವೀಲ್ ಡ್ರೈವ್ ವಾಹನದಲ್ಲಿ ಎಂಜಿನ್ನಿನ ಶಕ್ತಿಯು ಟ್ರಾನ್ಸ್‌ಫರ್ ಕೇಸ್ ಎಂಬ ಹೆಚ್ಚುವರಿ ಗೇರ್ ಪೆಟ್ಟಿಗೆಯ ಮೂಲಕ ಮುಂದಿನ ಮತ್ತು ಹಿಂದಿನ ಎರಡೂ ಅಚ್ಚುಗಳಿಗೆ ಹಂಚಿಕೆಯಾಗುತ್ತದೆ. ಇದರಲ್ಲಿರುವ ಲೋ ರೇಂಜ್ ಚಕ್ರಗಳ ವೇಗವನ್ನು ಇಳಿಸಿ ತಿರುಚುಬಲವನ್ನು ಸುಮಾರು ಎರಡರಿಂದ ಎರಡೂವರೆ ಪಟ್ಟು ಹೆಚ್ಚಿಸುತ್ತದೆ. ಜಿಪ್ಸಿ, ಥಾರ್, ಜಿಮ್ನಿಗಳಲ್ಲಿರುವಂಥ ಪಾರ್ಟ್‌ಟೈಮ್ ವ್ಯವಸ್ಥೆಯನ್ನು ಒಣ ಡಾಂಬರಿನ ಮೇಲೆ ಬಳಸಬಾರದು. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಕ್ರಮಿಸುವ ದೂರ ಬೇರೆಯಾಗಿದ್ದು, ಜಾರಲು ಅವಕಾಶವಿಲ್ಲದಾಗ ಆ ಒತ್ತಡ ಗೇರ್‌ಗಳ ಮೇಲೆ ಬೀಳುತ್ತದೆ.

ವಾಹನದ ಸಾಮರ್ಥ್ಯವನ್ನು ಅಳೆಯುವ ಮುಖ್ಯ ಅಂಶಗಳು ಇವು:

- ನೆಲದಿಂದ ಎತ್ತರ: ವಾಹನದ ಅತ್ಯಂತ ಕೆಳಗಿನ ಭಾಗಕ್ಕೂ ನೆಲಕ್ಕೂ ಇರುವ ಅಂತರ. ಎರಡನೆಯ ತಲೆಮಾರಿನ ಥಾರ್‌ನಲ್ಲಿ ಇದು 226 ಮಿ.ಮೀ., ಜಿಮ್ನಿಯಲ್ಲಿ 210 ಮಿ.ಮೀ.
- ಏರುಕೋನ ಮತ್ತು ಇಳಿಕೋನ: ಮುಂದಿನ ಅಥವಾ ಹಿಂದಿನ ಬಂಪರ್ ತಾಗದಂತೆ ಹತ್ತಬಹುದಾದ, ಇಳಿಯಬಹುದಾದ ದಿಬ್ಬದ ಕೋನ.
- ನೀರು ದಾಟುವ ಆಳ: ಥಾರ್‌ಗೆ ತಯಾರಕರು ಸೂಚಿಸಿರುವ ಮಿತಿ 650 ಮಿ.ಮೀ. ಈ ಅಂಕಿ ನಿಂತ ನೀರಿಗೆ ಸಂಬಂಧಿಸಿದ್ದು. ಹರಿಯುವ ನೀರು ಇದಕ್ಕಿಂತ ಕಡಿಮೆ ಆಳದಲ್ಲೂ ವಾಹನವನ್ನು ಪಕ್ಕಕ್ಕೆ ತಳ್ಳಬಲ್ಲದು.
- ಡಿಫರೆನ್ಷಿಯಲ್ ಲಾಕ್: ಒಂದು ಚಕ್ರ ಗಾಳಿಯಲ್ಲಿ ಸುತ್ತುವಾಗ ನೆಲದ ಮೇಲಿರುವ ಜೊತೆಚಕ್ರಕ್ಕೂ ಶಕ್ತಿ ತಲುಪಿಸುವ ವ್ಯವಸ್ಥೆ.

ಮಾರ್ಪಾಡುಗಳು

ಹವ್ಯಾಸಿಗಳು ಮಾಡಿಸುವ ಸಾಮಾನ್ಯ ಮಾರ್ಪಾಡುಗಳಲ್ಲಿ ದಪ್ಪ ಹಲ್ಲಿನ ಟೈರುಗಳು, ಸಸ್ಪೆನ್ಷನ್ ಎತ್ತರಿಸುವ ಲಿಫ್ಟ್ ಕಿಟ್, ಎಂಜಿನ್ನಿನ ಅಡಿ ರಕ್ಷಣಾ ತಗಡು, ವಿಂಚ್, ಸ್ನಾರ್ಕೆಲ್ ಮತ್ತು ಹೆಚ್ಚುವರಿ ದೀಪಗಳು ಸೇರುತ್ತವೆ. ಪ್ರತಿಯೊಂದು ಲಾಭದ ಜೊತೆಗೂ ಒಂದು ನಷ್ಟವಿದೆ. ವಾಹನವನ್ನು ಎತ್ತರಿಸಿದರೆ ಕಲ್ಲು ತಾಗುವುದು ತಪ್ಪುತ್ತದೆ. ಆದರೆ ಗುರುತ್ವ ಕೇಂದ್ರ ಮೇಲೇರಿ ಇಳಿಜಾರಿನಲ್ಲಿ ಅಡ್ಡ ಹೋಗುವಾಗಲೂ ಹೆದ್ದಾರಿಯ ತಿರುವಿನಲ್ಲೂ ಮಗುಚುವ ಸಂಭವ ಹೆಚ್ಚುತ್ತದೆ. ದೊಡ್ಡ ಟೈರು ಹಾಕಿದಾಗ ಸ್ಪೀಡೋಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸುತ್ತದೆ, ಬ್ರೇಕಿನ ಮೇಲೆ ಭಾರ ಹೆಚ್ಚುತ್ತದೆ. ಸ್ನಾರ್ಕೆಲ್ ಎಂಜಿನ್ನು ಗಾಳಿ ಎಳೆದುಕೊಳ್ಳುವ ಬಾಯಿಯನ್ನು ಮೇಲಕ್ಕೆ ಒಯ್ಯುತ್ತದೆಯೇ ಹೊರತು ವೈರಿಂಗ್, ಗೇರ್ ಪೆಟ್ಟಿಗೆ ಮತ್ತು ಅಚ್ಚುಗಳಿಗೆ ನೀರು ನುಗ್ಗುವುದನ್ನು ತಡೆಯುವುದಿಲ್ಲ. ಹೊಸ ಸವಾರನಿಗೆ ಉತ್ತಮ ಸ್ಥಿತಿಯ ಟೈರು, ಗಟ್ಟಿಯಾದ ಎಳೆಕೊಕ್ಕೆ ಮತ್ತು ಅಭ್ಯಾಸ ಇವು ಮೂರೇ ಮೊದಲ ಅಗತ್ಯಗಳು.

ಕಾನೂನು

ಮೋಟಾರು ವಾಹನಗಳ ಅಧಿನಿಯಮ, 1988ರ 52ನೆಯ ಪ್ರಕರಣದ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ನೀಡಿದ ತೀರ್ಪು ಈ ನಿಯಮವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಪ್ರಕರಣವು ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ. ವಾಹನಗಳ ಮುಂದೆ ಹಾಕಿಸುವ ಕಬ್ಬಿಣದ ಬುಲ್‌ಬಾರ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಸೂಚಿಸಿತು. ಇಂತಹ ಬಾರ್‌ಗಳು ಪಾದಚಾರಿಗಳಿಗೆ ಮಾರಕವಾಗುವುದಲ್ಲದೆ, ವಾಹನದೊಳಗಿನ ಏರ್‌ಬ್ಯಾಗ್‌ಗಳು ಸರಿಯಾದ ಕ್ಷಣದಲ್ಲಿ ತೆರೆದುಕೊಳ್ಳುವುದಕ್ಕೂ ಅಡ್ಡಿಯಾಗಬಹುದು.

ನೋಂದಣಿ ಪ್ರಾಧಿಕಾರದ ಒಪ್ಪಿಗೆ ಬೇಕಾದ ಬದಲಾವಣೆಗಳಿಗೆ ಮಾಲೀಕರು ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಗೆ ಅರ್ಜಿ ಸಲ್ಲಿಸಬೇಕು. ಬೆಂಗಳೂರಿನ ಉತ್ತರ ಭಾಗದಲ್ಲಿ ಕೆಎ-04 ಸಂಕೇತದ ಯಶವಂತಪುರ ಮತ್ತು ಕೆಎ-50 ಸಂಕೇತದ ಯಲಹಂಕ ಕಚೇರಿಗಳಿವೆ. ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ ಅಪಘಾತದ ನಂತರ ಪರಿಹಾರ ನಿರಾಕರಣೆಯಾಗುವ ಸಾಧ್ಯತೆಯಿದೆ.

ದಾರಿಯ ವಿಷಯದಲ್ಲಿ ಕರ್ನಾಟಕ ಅರಣ್ಯ ಅಧಿನಿಯಮ, 1963 ಮತ್ತು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972 ಅನ್ವಯಿಸುತ್ತವೆ. ಎರಡನೆಯದರ 27ನೆಯ ಪ್ರಕರಣವು ಅಭಯಾರಣ್ಯ ಪ್ರವೇಶವನ್ನು ನಿರ್ಬಂಧಿಸುತ್ತದೆ, 30ನೆಯ ಪ್ರಕರಣವು ಅಲ್ಲಿ ಬೆಂಕಿ ಹಾಕುವುದನ್ನು ನಿಷೇಧಿಸುತ್ತದೆ. ನಕ್ಷೆಯಲ್ಲಿ ಗೆರೆ ಕಂಡ ಮಾತ್ರಕ್ಕೆ ಅದು ಸಾರ್ವಜನಿಕ ದಾರಿಯಲ್ಲ. ಮೊಬೈಲ್ ನಕ್ಷೆಗಳು ಅರಣ್ಯ ಇಲಾಖೆಯ ಗಸ್ತು ದಾರಿಯನ್ನೂ ಖಾಸಗಿ ತೋಟದ ದಾರಿಯನ್ನೂ ಗ್ರಾಮದ ರಸ್ತೆಯಂತೆಯೇ ತೋರಿಸುವುದುಂಟು.

ಉತ್ತರ ಬೆಂಗಳೂರಿನಿಂದ ತಲುಪುವ ಪ್ರದೇಶಗಳು

ಸಿಂಗಾಪುರ, ವಿದ್ಯಾರಣ್ಯಪುರ, ಯಲಹಂಕ, ಹೆಬ್ಬಾಳ ಮುಂತಾದ ಬಡಾವಣೆಗಳು ಎರಡು ಹೆದ್ದಾರಿಗಳ ನಡುವೆ ಇವೆ. ಪೂರ್ವಕ್ಕೆ ಬಳ್ಳಾರಿ ರಸ್ತೆ ಎಂದು ಹೆಸರಾದ ರಾಷ್ಟ್ರೀಯ ಹೆದ್ದಾರಿ 44, ಪಶ್ಚಿಮಕ್ಕೆ ಜಾಲಹಳ್ಳಿ ಕ್ರಾಸ್ ಮೂಲಕ ತುಮಕೂರು ರಸ್ತೆ. ತುಮಕೂರು ರಸ್ತೆಯಲ್ಲಿ ನೆಲಮಂಗಲಕ್ಕೆ ಹೋಗಿ ರಾಷ್ಟ್ರೀಯ ಹೆದ್ದಾರಿ 75ಕ್ಕೆ ಹೊರಳಿದರೆ ಕುಣಿಗಲ್, ಹಾಸನದ ಮಾರ್ಗವಾಗಿ ಘಟ್ಟವನ್ನು ತಲುಪಬಹುದು.

ನಂದಿ ಬೆಟ್ಟದ ಸಾಲು: ನಗರದಿಂದ ಸುಮಾರು 60 ಕಿ.ಮೀ. ದೂರದಲ್ಲಿದ್ದು, ನಂದಿ ಬೆಟ್ಟದ ಎತ್ತರ 1,478 ಮೀಟರ್. ಬೆಟ್ಟದ ತಪ್ಪಲಿನ ಹಳ್ಳಿಗಳ ನಡುವಿನ ಮಣ್ಣಿನ ದಾರಿಗಳು ಹೊಸಬರ ಒಂದು ದಿನದ ಅಭ್ಯಾಸಕ್ಕೆ ಸಾಕು. ಬೆಟ್ಟದ ಇಳಿಜಾರುಗಳ ಬಹುಭಾಗ ಅರಣ್ಯ ಭೂಮಿಯಾಗಿದ್ದು ಅಲ್ಲಿ ವಾಹನ ಹತ್ತಿಸುವಂತಿಲ್ಲ.

ಹೆಸರಘಟ್ಟ: 1894ರಲ್ಲಿ ಬೆಂಗಳೂರಿನ ಕುಡಿಯುವ ನೀರಿಗಾಗಿ ಅರ್ಕಾವತಿ ನದಿಯ ಪಾತ್ರದಲ್ಲಿ ನಿರ್ಮಾಣವಾದ ಕೆರೆಯ ಸುತ್ತಣ ಹುಲ್ಲುಗಾವಲು ನಗರಕ್ಕೆ ಹತ್ತಿರವಾದ್ದರಿಂದ ವಾಹನ ಓಡಿಸುವವರನ್ನು ಆಕರ್ಷಿಸುತ್ತದೆ. ಟಿಟ್ಟಿಭ, ನೆಲಗುಬ್ಬಿಗಳಂಥ ಹಕ್ಕಿಗಳು ಬರಿನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಟಿಟ್ಟಿಭದ ಸಂತಾನ ಕಾಲ ಮಾರ್ಚ್‌ನಲ್ಲಿ ಆರಂಭವಾಗುತ್ತದೆ. ಮಣ್ಣಿನ ಬಣ್ಣದ ಮೊಟ್ಟೆಗಳು ಚಾಲಕನ ಕಣ್ಣಿಗೆ ಬೀಳುವುದಿಲ್ಲ. ಈ ಪ್ರದೇಶವನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸುವ ಪ್ರಸ್ತಾವಕ್ಕೆ ರಾಜ್ಯ ವನ್ಯಜೀವಿ ಮಂಡಳಿಯು 2024ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ಆಫ್‌ರೋಡ್ ಚಾಲನೆಗೆ ಇದು ಯೋಗ್ಯ ಸ್ಥಳವಲ್ಲ.

ಸಕಲೇಶಪುರ: ಬೆಂಗಳೂರಿನಿಂದ ಸುಮಾರು 220 ಕಿ.ಮೀ. ಕಾಫಿ ತೋಟಗಳೊಳಗಿನ ದಾರಿಗಳಲ್ಲಿ ತೋಟದ ಮಾಲೀಕರ ಒಪ್ಪಿಗೆಯಿಂದ ವಾಹನ ಓಡಿಸಬಹುದಾದ್ದರಿಂದ ಇದು ಹವ್ಯಾಸಿಗಳ ಮುಖ್ಯ ನೆಲೆಯಾಗಿದೆ. ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳಲ್ಲಿ ಕಾಡಾನೆಗಳ ಸಂಚಾರವಿರುವುದರಿಂದ ಮುಂಜಾವು ಮತ್ತು ಸಂಜೆಯ ನಂತರದ ಓಡಾಟವನ್ನು ಸ್ಥಳೀಯರೂ ತಪ್ಪಿಸುತ್ತಾರೆ.

ಮಾಂದಲ್‌ಪಟ್ಟಿ: ಕೊಡಗಿನ ಮಡಿಕೇರಿಯ ಬಳಿಯ ಗಿರಿಶಿಖರ. 2008ರ 'ಗಾಳಿಪಟ' ಚಲನಚಿತ್ರದ ನಂತರ 'ಮುಗಿಲ್‌ಪೇಟೆ' ಎಂಬ ಹೆಸರಿನಿಂದಲೂ ಪ್ರಸಿದ್ಧವಾಯಿತು. ಕಡಿದಾದ ದಾರಿಯಲ್ಲಿ ಪ್ರವಾಸಿಗರನ್ನು ಸ್ಥಳೀಯ ಚಾಲಕರ ಬಾಡಿಗೆ ಜೀಪುಗಳು ಕರೆದೊಯ್ಯುತ್ತವೆ.

ಕೊಡಚಾದ್ರಿ: ಶಿವಮೊಗ್ಗ ಜಿಲ್ಲೆಯಲ್ಲಿರುವ 1,343 ಮೀಟರ್ ಎತ್ತರದ ಶಿಖರ. ಕೊಲ್ಲೂರು ಮತ್ತು ನಿಟ್ಟೂರು ಕಡೆಯಿಂದ ಜೀಪುಗಳು ಹೋಗುತ್ತವೆ. ಇಲ್ಲಿನ ದಾರಿ ಮೂಕಾಂಬಿಕಾ ವನ್ಯಜೀವಿಧಾಮದ ನಿಯಮಗಳಿಗೆ ಒಳಪಟ್ಟಿದೆ. ಕಲ್ಲು, ಕೊರಕಲುಗಳ ಈ ಏರನ್ನು ದಿನವೂ ಹತ್ತುವ ಚಾಲಕರ ಹಳೆಯ ಜೀಪುಗಳಲ್ಲಿ ದುಬಾರಿ ಮಾರ್ಪಾಡುಗಳು ಕಾಣುವುದು ಅಪರೂಪ. ಅವರ ಬಂಡವಾಳ ದಾರಿಯ ಪರಿಚಯವೇ.

ಯೋಜನೆಯ ಹಂತಗಳು

1. ಒಂದು ತಿಂಗಳು ಮೊದಲು: ಸ್ಥಳದ ಆಯ್ಕೆ, ಅರಣ್ಯ ವಲಯಾಧಿಕಾರಿ ಅಥವಾ ತೋಟದ ಮಾಲೀಕರಿಂದ ಅನುಮತಿ. ಬೇಸಿಗೆಯಲ್ಲಿ ಬೆಂಕಿಯ ಕಾರಣಕ್ಕೆ ಅರಣ್ಯ ಇಲಾಖೆಯು ಚಾರಣ ಮತ್ತು ಪ್ರವೇಶವನ್ನು ತಾತ್ಕಾಲಿಕವಾಗಿ ನಿಲ್ಲಿಸುವುದುಂಟು. ಆದ್ದರಿಂದ ಹೊರಡುವ ಹಿಂದಿನ ದಿನ ಮತ್ತೊಮ್ಮೆ ವಿಚಾರಿಸಬೇಕು.
2. ಎರಡು ವಾರ ಮೊದಲು: ಎಂಜಿನ್ ಮತ್ತು ಗೇರ್ ಎಣ್ಣೆ, ಬ್ರೇಕ್, ಕೂಲೆಂಟ್, ಬ್ಯಾಟರಿ, ಸ್ಟೆಪ್ನಿ ತಪಾಸಣೆ. ಫೋರ್ ವೀಲ್ ಲಿವರ್ ಬಹುಕಾಲ ಬಳಸದೆ ಬಿಟ್ಟರೆ ಹಿಡಿದುಕೊಳ್ಳುವುದುಂಟು. ಮಣ್ಣಿನ ನೆಲದಲ್ಲಿ ಹಾಕಿ ನೋಡಬೇಕು.
3. ಒಂದು ವಾರ ಮೊದಲು: ತಂಡದ ರಚನೆ. ಒಂಟಿ ವಾಹನದಲ್ಲಿ ಹೋಗದಿರುವುದು ಈ ಹವ್ಯಾಸದ ಮೊದಲ ನಿಯಮ. ಸಿಕ್ಕಿಬಿದ್ದ ವಾಹನವನ್ನು ಎಳೆಯಲು ಕನಿಷ್ಠ ಇನ್ನೊಂದು ವಾಹನ ಬೇಕು.
4. ಹಿಂದಿನ ದಿನ: ಹವಾಮಾನ ವರದಿ, ನೆಟ್‌ವರ್ಕ್ ಇಲ್ಲದಿದ್ದರೂ ತೆರೆಯುವ ನಕ್ಷೆ, ಮನೆಯವರಿಗೆ ದಾರಿ ಮತ್ತು ಮರಳುವ ವೇಳೆಯ ಬರಹ.
5. ಹೊರಡುವ ದಿನ: ಹೆದ್ದಾರಿ ಬಿಡುವ ಮೊದಲು ಬಂಕಿನಲ್ಲಿ ಟ್ಯಾಂಕ್ ತುಂಬಿಸಬೇಕು. ಲೋ ರೇಂಜ್‌ನಲ್ಲಿ ಇಂಧನ ಬಳಕೆ ಹೆದ್ದಾರಿಗಿಂತ ಬಹಳ ಹೆಚ್ಚು. ಮಾರ್ಚ್‌ನಲ್ಲಿ ಸೂರ್ಯಾಸ್ತ ಸುಮಾರು ಸಂಜೆ 6:30ಕ್ಕೆ ಆಗುವುದರಿಂದ ಮಣ್ಣಿನ ದಾರಿಯನ್ನು 5 ಗಂಟೆಯೊಳಗೆ ಮುಗಿಸುವ ಲೆಕ್ಕಾಚಾರವಿರಬೇಕು.

ಬಂಡೀಪುರದ ಮಾರ್ಗವಾಗಿ ಊಟಿ ಅಥವಾ ವಯನಾಡಿಗೆ ಹೋಗುವವರು, ಅಲ್ಲಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ 2009ರಿಂದ ಜಾರಿಯಲ್ಲಿರುವ ಸಂಚಾರ ನಿರ್ಬಂಧವನ್ನು ಗಮನಿಸಬೇಕು.

ಚಾಲನೆ ಮತ್ತು ವಾಹನವನ್ನು ಬಿಡಿಸುವ ಕ್ರಮ

ಮಣ್ಣಿನ ದಾರಿಗೆ ಇಳಿಯುವಾಗ ಟೈರಿನ ಗಾಳಿಯನ್ನು ಸಾಮಾನ್ಯ 30–32 ಪಿಎಸ್‌ಐಯಿಂದ ಸುಮಾರು 20 ಪಿಎಸ್‌ಐವರೆಗೆ ಇಳಿಸಲಾಗುತ್ತದೆ. ಆಗ ಟೈರು ನೆಲದ ಮೇಲೆ ಉದ್ದಕ್ಕೆ ಹರಡಿ ಹಿಡಿತ ಹೆಚ್ಚುತ್ತದೆ. ಡಾಂಬರಿಗೆ ಮರಳುವ ಮುನ್ನ ಮತ್ತೆ ತುಂಬಿಸಬೇಕು. ಇಲ್ಲವಾದರೆ ವೇಗದಲ್ಲಿ ಟೈರು ಕಾದು ಸಿಡಿಯಬಹುದು. ಕಡಿದಾದ ಇಳಿಜಾರನ್ನು ಲೋ ರೇಂಜ್‌ನ ಮೊದಲ ಗೇರಿನಲ್ಲಿ, ಕ್ಲಚ್ ಒತ್ತದೆ, ಎಂಜಿನ್ನಿನ ಹಿಡಿತದಲ್ಲೇ ಇಳಿಯಬೇಕು. ಏರಿನ ನಡುವೆ ಶಕ್ತಿ ಸಾಲದೆ ನಿಂತರೆ ವಾಹನವನ್ನು ತಿರುಗಿಸಲು ಯತ್ನಿಸದೆ, ರಿವರ್ಸ್ ಗೇರಿನಲ್ಲಿ ನೇರವಾಗಿ ಹಿಂದಕ್ಕೆ ಇಳಿಯಬೇಕು. ಅಡ್ಡ ತಿರುಗಿಸುವುದೇ ಮಗುಚುವಿಕೆಗೆ ಮುಖ್ಯ ಕಾರಣ. ಹಳ್ಳ ದಾಟುವ ಮುನ್ನ ಒಬ್ಬರು ಕೋಲು ಹಿಡಿದು ನಡೆದು ಆಳ ಮತ್ತು ತಳವನ್ನು ನೋಡುವುದು ರೂಢಿ. ಎಂಜಿನ್ನಿಗೆ ನೀರು ನುಗ್ಗಿ ನಿಂತಿದ್ದರೆ ಮತ್ತೆ ಸ್ಟಾರ್ಟ್ ಮಾಡಬಾರದು. ನೀರು ಗಾಳಿಯಂತೆ ಕುಗ್ಗದ ಕಾರಣ ಒಳಗಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಹೂತ ವಾಹನವನ್ನು ಬಿಡಿಸುವ ಮೊದಲ ಸಾಧನ ಸಲಿಕೆ. ಚಕ್ರದ ಮುಂದಿನ ಮಣ್ಣು ತೆಗೆದು, ಕಲ್ಲು ಅಥವಾ ಹಲಗೆ ಇಟ್ಟು ನೋಡಿದ ಮೇಲೆ ಮಾತ್ರ ಹಗ್ಗ ಮತ್ತು ವಿಂಚ್‌ನ ಸರದಿ. ಎಳೆಯುವ ಹಗ್ಗವನ್ನು ಚಾಸಿಗೆ ಭದ್ರವಾಗಿ ಜೋಡಿಸಿದ ಕೊಕ್ಕೆಗೇ ಕಟ್ಟಬೇಕು; ಬಂಪರಿಗಾಗಲಿ ಟ್ರೇಲರ್ ಗುಂಡಿಗಾಗಲಿ ಕಟ್ಟಬಾರದು. ಬಿಗಿದ ಉಕ್ಕಿನ ಹಗ್ಗ ತುಂಡಾದರೆ ಚಾಟಿಯಂತೆ ಬೀಸುತ್ತದೆ, ಕಿತ್ತುಬಂದ ಕೊಕ್ಕೆ ಗುಂಡಿನಂತೆ ಹಾರುತ್ತದೆ. ಹಗ್ಗದ ಉದ್ದಕ್ಕಿಂತ ಹೆಚ್ಚು ದೂರದಲ್ಲಿ ಜನ ನಿಲ್ಲಬೇಕು, ಹಗ್ಗದ ಮೇಲೆ ಭಾರವಾದ ಗೋಣಿ ಅಥವಾ ಕಂಬಳಿ ಹೊದಿಸಬೇಕು.

ಬೆಂಕಿ ಮತ್ತು ರೋಗ

ಫೆಬ್ರುವರಿ–ಮಾರ್ಚ್‌ ಕರ್ನಾಟಕದ ಕಾಳ್ಗಿಚ್ಚಿನ ಕಾಲ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಹಲವು ದಿನ ಹಬ್ಬಿದ ಬೆಂಕಿ ಅಪಾರ ಅರಣ್ಯವನ್ನು ಸುಟ್ಟಿತು. 2017ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿಯೂ, 2023ರ ಫೆಬ್ರುವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಪ್ರದೇಶದಲ್ಲಿಯೂ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರು ಪ್ರಾಣ ಕಳೆದುಕೊಂಡರು. ಹುಲ್ಲುಗಾವಲಿನಲ್ಲಿ ಕಾದ ಸೈಲೆನ್ಸರ್‌ಗೆ ಒಣಹುಲ್ಲು ಸಿಕ್ಕಿದರೂ ಬೆಂಕಿ ಹೊತ್ತಬಹುದು. ಆದ್ದರಿಂದ ಎತ್ತರದ ಹುಲ್ಲಿನ ಮೇಲೆ ವಾಹನ ನಿಲ್ಲಿಸದಿರುವುದು, ಅಡಿಭಾಗದಲ್ಲಿ ಸಿಕ್ಕಿದ ಹುಲ್ಲನ್ನು ಆಗಾಗ ತೆಗೆಯುವುದು, ಬಯಲಲ್ಲಿ ಅಡುಗೆ ಮಾಡದಿರುವುದು ಮತ್ತು ಬೆಂಕಿ ನಂದಿಸುವ ಸಿಲಿಂಡರ್ ಒಯ್ಯುವುದು ಅಗತ್ಯ.

ಮಂಗನ ಕಾಯಿಲೆಯನ್ನು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾಯಿತು. ಉಣುಗುಗಳ ಕಡಿತದಿಂದ ಹರಡುವ ಈ ವೈರಾಣು ಜ್ವರ ಜನವರಿಯಿಂದ ಏಪ್ರಿಲ್‌ವರೆಗೆ ಹೆಚ್ಚು ಕಾಣಿಸಿಕೊಳ್ಳುತ್ತದೆ. ಮಲೆನಾಡಿನ ಕಾಡಂಚಿಗೆ ಹೋಗುವವರು ಉದ್ದ ತೋಳಿನ ಬಟ್ಟೆ ತೊಡಬೇಕು, ಉಣುಗು ನಿವಾರಕ ತೈಲ ಹಚ್ಚಿಕೊಳ್ಳಬೇಕು, ತರಗೆಲೆಗಳ ಮೇಲೆ ಕೂರಬಾರದು. ಸತ್ತ ಮಂಗಗಳನ್ನು ಕಂಡರೆ ಹತ್ತಿರ ಹೋಗದೆ ಆರೋಗ್ಯ ಅಥವಾ ಅರಣ್ಯ ಸಿಬ್ಬಂದಿಗೆ ತಿಳಿಸಬೇಕು. ಮರಳಿದ ಮೇಲೆ ತೀವ್ರ ಜ್ವರ ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಹೇಳಬೇಕು. ತುರ್ತು ಸಂದರ್ಭದಲ್ಲಿ ಸಹಾಯಕ್ಕೆ 112, ಆಂಬುಲೆನ್ಸ್‌ಗೆ 108, ಅರಣ್ಯ ಸಹಾಯವಾಣಿಗೆ 1926 ಸಂಖ್ಯೆಗಳಿವೆ.

ಪರಿಸರ ಮತ್ತು ಸ್ಥಳೀಯ ಜನ

ಘಟ್ಟದ ಶಿಖರಗಳ ಹುಲ್ಲುಗಾವಲು ಮತ್ತು ಶೋಲಾ ಕಾಡು ಮಳೆನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಹಳ್ಳಗಳಿಗೆ ಬಿಡುತ್ತವೆ. ಒಣ ಕಾಲದಲ್ಲಿ ಒಂದು ವಾಹನ ಹುಲ್ಲಿನ ಮೇಲೆ ಮೂಡಿಸಿದ ಗಾಲಿಗೆರೆ ಮುಂದಿನ ಮಳೆಗಾಲಕ್ಕೆ ನೀರಿನ ಕಾಲುವೆಯಾಗಿ, ಕೆಲವೇ ವರ್ಷಗಳಲ್ಲಿ ಕೊರಕಲಾಗುತ್ತದೆ. ಪುಷ್ಪಗಿರಿ ಸೇರಿದಂತೆ ಪಶ್ಚಿಮ ಘಟ್ಟದ 39 ತಾಣಗಳು 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಇರುವ ಜಾಡನ್ನು ಬಿಟ್ಟು ಹೊಸ ಜಾಡು ಮಾಡದಿರುವುದು, ಹಳ್ಳದ ಪಾತ್ರದಲ್ಲಿ ಉದ್ದಕ್ಕೆ ಓಡಿಸದಿರುವುದು ಮತ್ತು ಕಸವನ್ನು ಮರಳಿ ತರುವುದು ಜವಾಬ್ದಾರಿಯುತ ಚಾಲನೆಯ ಸಾಮಾನ್ಯ ಸೂತ್ರಗಳು.

ಬಯಲುಸೀಮೆಯ ಮಣ್ಣಿನ ದಾರಿಗಳು ರೈತರ ನಿತ್ಯದ ದಾರಿಗಳು. ಫೆಬ್ರುವರಿಯಲ್ಲಿ ಹುರುಳಿ ಒಕ್ಕಣೆಗೆಂದು ಕೆಲವೆಡೆ ಪೈರನ್ನು ದಾರಿಯ ಮೇಲೆಯೇ ಹರಡಿರುತ್ತಾರೆ; ಒಣಹುಲ್ಲಿನ ಮೆದೆಗಳು ದಾರಿಯಂಚಿನಲ್ಲೇ ಇರುತ್ತವೆ. ಇಂಥ ಕಡೆ ನಿಧಾನಿಸಿ, ದಾರಿಯಲ್ಲಿರುವವರನ್ನು ಕೇಳಿ ಮುಂದುವರಿಯುವುದು ಸೌಜನ್ಯವೂ ಹೌದು, ಸುರಕ್ಷತೆಯೂ ಹೌದು. ಮುಂದಿನ ತಿರುವಿನ ಆಚೆ ದಾರಿ ಇದೆಯೇ, ಕೊಚ್ಚಿಹೋಗಿದೆಯೇ ಎಂಬುದನ್ನು ಮೊದಲು ತಿಳಿದಿರುವವರು ಅವರೇ.

ಇವನ್ನೂ ನೋಡಿ

- ಪಶ್ಚಿಮ ಘಟ್ಟಗಳು
- ಕೊಡಚಾದ್ರಿ
- ನಂದಿ ಬೆಟ್ಟ
- ಮಂಗನ ಕಾಯಿಲೆ
- ಹೆಸರಘಟ್ಟ ಕೆರೆ
- ಬಂಡೀಪುರ ರಾಷ್ಟ್ರೀಯ ಉದ್ಯಾನ